ಕೋಟೆ ನೋಡಲು ಟೇಪು ಹಿಡಿದು ಹೊರಡಿ

ಶೈಕ್ಷಣಿಕ ಪ್ರವಾಸವೆಂದರೆ ರಾಯಚೂರು ಸೀಮೆಯ ಶಾಲೆಗಳಿಗೆ ಹಂಪಿ, ವಿಜಯಪುರ, ಮೈಸೂರು. ಊರೊಳಗಿನ ಕೋಟೆಯನ್ನು ಎಷ್ಟೋ ಮಕ್ಕಳು ಬಸ್ಸಿನ ಕಿಟಕಿಯಿಂದಷ್ಟೇ ಕಂಡಿರುತ್ತಾರೆ.

ಈ ಕೋಟೆಯ ಪಶ್ಚಿಮದ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಕಾಕತೀಯರ ಕಾಲದಲ್ಲಿ, 1294ರಲ್ಲಿ, ಕೋಟೆ ಕಟ್ಟಿಸಿದ ವಿಷಯ ಅದರ ಮೇಲಿನ ಶಾಸನದಲ್ಲಿದೆ. ಅದಕ್ಕಿಂತ ಸೊಗಸು ಪಕ್ಕದ ರೇಖಾಚಿತ್ರ: ಇಂಥ ಕಲ್ಲನ್ನು ಬಂಡಿಗೆ ಹೇರಿ ಕೋಣಗಳ ಸಾಲು ಎಳೆದು ತರುತ್ತಿದೆ! ಮಕ್ಕಳು ಕಲ್ಲಿನ ಉದ್ದಗಲ ಅಳೆಯಲಿ. ಒಂದು ಘನ ಮೀಟರ್ ಗ್ರಾನೈಟು ಸುಮಾರು 2.7 ಟನ್ ತೂಗುತ್ತದೆ. ಗೋಡೆಯೊಳಗಿನ ದಪ್ಪ ಕಾಣದು. ಅಗಲ ಒಂದು ಮೀಟರ್, ದಪ್ಪ ಅರ್ಧ ಮೀಟರ್ ಎಂದು ಹಿಡಿದರೂ ಸುಮಾರು 17 ಟನ್ ಆಯಿತು. ಎಷ್ಟು ಕೋಣ ಬೇಕು? ವಾದ ಅಲ್ಲೇ ಶುರುವಾಗಲಿ.

1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್‌ಶಾಹನಿಂದ ಗೆದ್ದುಕೊಂಡದ್ದು ಇದೇ ಕೋಟೆ. ಪೋರ್ಚುಗೀಸ್ ಕೋವಿಕಾರರು ರಾಯನ ಕಡೆಗಿದ್ದರು. 1513ರ ಒಂದು ಮಿನಾರಿನ ಮಸೀದಿಯನ್ನೂ ಮರೆಯಬೇಡಿ.

ನವೆಂಬರಿನಿಂದ ಫೆಬ್ರುವರಿ ಒಳ್ಳೆಯ ಕಾಲ. ಮೇ ತಿಂಗಳಲ್ಲಿ ಇಲ್ಲಿಯ ಬಂಡೆ ಕಾದ ಹಂಚು. ಓರೆ ಬಿಸಿಲಿನಲ್ಲಿ ತೆಳುಗೆರೆಗಳು ಎದ್ದು ಕಾಣುತ್ತವೆ, ನಡುಮಧ್ಯಾಹ್ನ ಮಾಯವಾಗುತ್ತವೆ. ಅಕ್ಷರ ಕಾಣಲೆಂದು ಸೀಮೆಸುಣ್ಣ ಬಳಿಯುವ ಚಾಳಿ ಮಾತ್ರ ಬೇಡ, ಅದು ಶಾಸನಕ್ಕೇ ಕುತ್ತು.

ಇನ್ನೊಂದು ದಿನವಿದ್ದರೆ ದೇವದುರ್ಗದ ದಾರಿಯಲ್ಲಿ ಗಬ್ಬೂರಿಗೆ ಇಳಿಯಿರಿ, ಹಳೆಯ ಗುಡಿಗಳೂ ಶಾಸನಗಳೂ ಇವೆ. ಮಾನ್ವಿಯಲ್ಲಿ 'ಹರಿಕಥಾಮೃತಸಾರ' ಬರೆದ ಜಗನ್ನಾಥದಾಸರ ಮಂದಿರವಿದೆ. ಎರಡೂ ಬೇರೆ ಬೇರೆ ದಾರಿ. ಬುತ್ತಿ, ನೀರು ಕಟ್ಟಿಕೊಂಡೇ ಹೊರಡಬೇಕು.