ಎರೆಹಾದಿಗೆ ಎಂಥ ಸೈಕಲ್ಲು?

ಶಾಲೆಗಳು ಬಾಗಿಲು ತೆರೆಯುವ ಜೂನ್ ತಿಂಗಳಲ್ಲಿ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಪೇಟೆಗಳ ಸೈಕಲ್ ಅಂಗಡಿಗಳಲ್ಲಿ ಒಂದು ಮಾತುಕತೆ ತಪ್ಪದೆ ನಡೆಯುತ್ತದೆ. ಹುಡುಗನ ಕಣ್ಣು ದಪ್ಪ ಗಾಲಿ, ಎರಡು ಸ್ಪ್ರಿಂಗು, ಇಪ್ಪತ್ತೊಂದು ಗೇರುಗಳ 'ಎಂಟಿಬಿ' ಮೇಲೆ. ಅಪ್ಪನ ಕಣ್ಣು ಬೆಲೆಯ ಚೀಟಿಯ ಮೇಲೆ. ಅಂಗಡಿಯವರು 'ಗಟ್ಟಿಮುಟ್ಟು ಐತ್ರಿ, ಹತ್ತ ವರ್ಷ ಬಾಳತೈತಿ' ಎನ್ನುತ್ತಾರೆ. ಚೌಕಾಸಿ ಮುಗಿದು ಸೈಕಲ್ಲು ಮನೆಗೆ ಬರುತ್ತದೆ. ದೀಪಾವಳಿಯ ಹೊತ್ತಿಗೆ ಅದು ಗೋಡೆಗೆ ಒರಗಿ ನಿಂತುಬಿಟ್ಟಿರುವುದೂ ಅಪರೂಪವಲ್ಲ.

ನಮ್ಮ ಭಾಗದಲ್ಲಿ ಸೈಕಲ್ಲು ಮೋಜಿನ ವಸ್ತುವಲ್ಲ. ಊರಿನ ಶಾಲೆ ಏಳನೆಯ ತರಗತಿಗೆ ಮುಗಿಯುತ್ತದೆ; ಹೈಸ್ಕೂಲು ಪಕ್ಕದ ಊರಿನಲ್ಲಿ, ಕಾಲೇಜು ತಾಲೂಕು ಪೇಟೆಯಲ್ಲಿ. ತೋಟದ ಮನೆಯಲ್ಲಿರುವ ಮಕ್ಕಳಿಗಂತೂ ಬಸ್ಸಿನ ರಸ್ತೆಯೇ ದೂರ. ದೂರದ ಕಾರಣಕ್ಕೆ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ಓದು ಬಿಡಬಾರದೆಂದೇ ರಾಜ್ಯ ಸರಕಾರ 2006–07ರಲ್ಲಿ ಎಂಟನೆಯ ತರಗತಿಯವರಿಗೆ ಉಚಿತ ಸೈಕಲ್ ಯೋಜನೆ ತಂದಿತ್ತು. ಸೈಕಲ್ಲು ಕೆಟ್ಟು ನಿಂತರೆ ಹಾಜರಿ ತಪ್ಪುತ್ತದೆ. ಹಾಜರಿ ಪದೇ ಪದೇ ತಪ್ಪಿದರೆ 'ಇನ್ನ ಸಾಲಿ ಸಾಕು' ಎಂಬ ಮಾತು ಮನೆಯಲ್ಲಿ ಏಳುತ್ತದೆ. ಆದ್ದರಿಂದ ಯಾವ ಭಾಗ ಬಾಳುತ್ತದೆ, ಅದನ್ನು ಬಾಳಿಸುವುದು ಹೇಗೆ ಎಂಬುದನ್ನು ಮಕ್ಕಳೂ ಪಾಲಕರೂ ಕೂಡಿಯೇ ತಿಳಿಯಬೇಕು.

ಹಳೆಯ ಸೈಕಲ್ಲಿನಿಂದ ಹುಟ್ಟಿದ್ದು

ಮೌಂಟನ್ ಬೈಕ್ ಹುಟ್ಟಿದ್ದು ಕಾರ್ಖಾನೆಯಲ್ಲಿ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಎಪ್ಪತ್ತರ ದಶಕದಲ್ಲಿ ಕೆಲವು ಯುವಕರು ಹಳೆಯ ದಪ್ಪ ಗಾಲಿಯ ಸೈಕಲ್ಲುಗಳನ್ನು ಗುಡ್ಡಕ್ಕೆ ಒಯ್ದು ಮಣ್ಣುಹಾದಿಯಲ್ಲಿ ಇಳಿಸುತ್ತಿದ್ದರು. 1976ರಲ್ಲಿ ಅಲ್ಲಿ ಶುರುವಾದ ಸ್ಪರ್ಧೆಯ ಹೆಸರು 'ರಿಪ್ಯಾಕ್'. ಸುಮಾರು ಎರಡು ಮೈಲಿಯಲ್ಲಿ 1,300 ಅಡಿ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು, ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಸಲವೂ ಹಬ್ಬು ಬಿಚ್ಚಿ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದಕ್ಕೇ ಆ ಹೆಸರು. 1977ರಲ್ಲಿ ಜೋ ಬ್ರೀಜ್ ಇಂಥ ಓಟಕ್ಕೆಂದೇ ಚೌಕಟ್ಟು ಕಟ್ಟಿದರು. ಟಾಮ್ ರಿಚಿ, ಗ್ಯಾರಿ ಫಿಶರ್ ಮೊದಲಾದವರು ಅದನ್ನು ಮಾರುಕಟ್ಟೆಗೆ ತಂದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಅದು ಕ್ರೀಡೆಯೂ ಆಯಿತು.

ಗುಡ್ಡದ ಹಾದಿಯಲ್ಲಿ ಅವರಿಗೆ ಬೇಕಾದದ್ದು ಗಟ್ಟಿ ಚೌಕಟ್ಟು, ದಪ್ಪ ಟೈರು, ನಂಬಬಹುದಾದ ಬ್ರೇಕು ಮತ್ತು ಬಿಚ್ಚಿ ಜೋಡಿಸಬಲ್ಲ ಕೈ. ನಮ್ಮ ಹೊಲದ ಹಾದಿಗೂ ಬೇಕಾದದ್ದು ಅಷ್ಟೇ. ಅಂಗಡಿಯಲ್ಲಿ ಥಳಥಳಿಸುವ ಉಳಿದದ್ದೆಲ್ಲ ಆಮೇಲಿನ ಮಾತು.

ಚೌಕಟ್ಟು ಮತ್ತು ಸ್ಪ್ರಿಂಗು

ಚೌಕಟ್ಟು ಉಕ್ಕಿನದಿರಲಿ. ಅಲ್ಯೂಮಿನಿಯಂ ಹಗುರ, ತುಕ್ಕು ಹಿಡಿಯುವುದಿಲ್ಲ, ನಿಜ. ಆದರೆ ಬಿರುಕು ಬಿಟ್ಟರೆ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅದನ್ನು ಹಿಂದಿನಂತೆ ಮಾಡಿಸುವುದು ಕಷ್ಟ. ಬೆಸುಗೆಯ ಕಾವಿಗೆ ಸುತ್ತಲಿನ ಲೋಹ ಮೆತ್ತಗಾಗುತ್ತದೆ. ಉಕ್ಕಾದರೆ ಬಾಗುತ್ತದೆ, ಮುನ್ಸೂಚನೆ ಕೊಡುತ್ತದೆ, ಬೆಸೆದರೆ ಕೂಡಿಕೊಳ್ಳುತ್ತದೆ.

ಅಗ್ಗದ ಸೈಕಲ್ಲಿನ ಹಿಂದಿನ ಸ್ಪ್ರಿಂಗು ಬೇಡವೇ ಬೇಡ. ತುಳಿದ ಶಕ್ತಿಯ ಒಂದು ಪಾಲು ಸ್ಪ್ರಿಂಗು ಕುಗ್ಗಿಸುವುದಕ್ಕೇ ಹೋಗುತ್ತದೆ. ಅದರ ಕೀಲಿನ ಬುಷ್ ಸವೆದರೆ ಹಿಂದಿನ ಗಾಲಿ ಅತ್ತಿತ್ತ ತೂಗಾಡುತ್ತದೆ. ಮುಂದಿನ ಫೋರ್ಕೂ ಸ್ಪ್ರಿಂಗಿಲ್ಲದ ಸಾದಾ ಫೋರ್ಕಾದರೆ ಒಳ್ಳೆಯದು. ತಗ್ಗುದಿಣ್ಣೆಯ ಹೊಡೆತವನ್ನು ದಪ್ಪ ಟೈರಿನ ಗಾಳಿಯೇ ಸಾಕಷ್ಟು ತಡೆಯುತ್ತದೆ.

'ಮುಂದ ಬೆಳೀತಾನ' ಎಂದು ದೊಡ್ಡ ಅಳತೆಯ ಅಂಗಿ ಹೊಲಿಸಬಹುದು, ಸೈಕಲ್ಲು ಕೊಳ್ಳಬಾರದು. ಮೇಲಿನ ಕೊಳವೆಗೆ ಎರಡೂ ಬದಿ ಕಾಲು ಹಾಕಿ, ಪಾದ ಪೂರ್ತಿ ನೆಲಕ್ಕೆ ಊರಿ ನಿಂತಾಗ ಎರಡು ಅಂಗುಲವಾದರೂ ಸಂದು ಉಳಿಯಬೇಕು. ಸೀಟಿನ ಕಂಬವನ್ನು ಅದರ ಮೇಲಿನ ಗೆರೆ ಕಾಣುವಷ್ಟು ಎತ್ತರಿಸಬಾರದು. ಎತ್ತರಿಸಿದರೆ ಕಂಬ, ಕೊಳವೆ ಎರಡೂ ಅಪಾಯಕ್ಕೆ ಸಿಗುತ್ತವೆ.

ಗೇರು ಬೇಕೆ?

ಕೃಷ್ಣೆಯ ದಂಡೆಯ ಕಾಗವಾಡ, ರಾಯಬಾಗದ ಸಪಾಟು ರಸ್ತೆಗಳಿಗೆ ಒಂದೇ ಗೇರು ಸಾಕು. ನಿಪ್ಪಾಣಿಯ ತವನಿಧಿ ಘಾಟಿನಂಥ ಏರು ದಿನವೂ ಹತ್ತುವವರಿಗೆ ಗೇರು ನಿಜಕ್ಕೂ ನೆರವಾಗುತ್ತದೆ. ಆದರೆ ಸೈಕಲ್ಲು ಬಲಕ್ಕೆ ಬಿದ್ದಾಗ ಹಿಂದಿನ ಡಿರೈಲರ್ ಒಳಕ್ಕೆ ಬಾಗುತ್ತದೆ. ಹಾಗೆಯೇ ದೊಡ್ಡ ಹಲ್ಲಿನ ಚಕ್ರಕ್ಕೆ ಗೇರು ಹಾಕಿದರೆ ಅದು ಗಾಲಿಯ ಕಡ್ಡಿಗಳಿಗೆ ಸಿಕ್ಕಿ, ಗಾಲಿಯೇ ನಿಂತುಬಿಡಬಹುದು. ಬಿದ್ದ ಮೇಲೆ ಮೊದಲು ಅದನ್ನು ನೋಡಿ. ನಿಮ್ಮ ಪೇಟೆಯಲ್ಲಿ ಗೇರು ಸರಿಹೊಂದಿಸುವವರು ಇದ್ದಾರೆಯೇ ಎಂದು ಕೊಳ್ಳುವ ಮೊದಲೇ ಕೇಳಿ.

ಇಪ್ಪತ್ತಾರರ ಮೋಸ

ಟೈರು ಕೊಳ್ಳುವಾಗ 'ಇಪ್ಪತ್ತಾರು ಕೊಡ್ರಿ' ಎಂದರೆ ಸಾಲದು. 26×1.95 ಎಂದು ಬರೆದ ಎಂಟಿಬಿ ಟೈರು ಕೂರುವ ರಿಮ್ಮಿನ ವ್ಯಾಸ 559 ಮಿಲಿಮೀಟರು. 26×1⅜ ಎಂದು ಬರೆದದ್ದು ಕೂರುವುದು 590 ಮಿಲಿಮೀಟರಿನ ರಿಮ್ಮಿಗೆ. ಹೆಸರು ಒಂದೇ, ಅಂತರ 31 ಮಿಲಿಮೀಟರು. ಒಂದರದು ಇನ್ನೊಂದಕ್ಕೆ ಆಗುವುದೇ ಇಲ್ಲ. ದೊಡ್ಡ ಕರಿ ಸೈಕಲ್ಲಿನ 28×1½ ರಿಮ್ಮು 635. ಟೈರಿನ ಬದಿಯಲ್ಲಿ 50-559 ಎಂಬಂತೆ ಅಚ್ಚಾದ ಜೋಡಿ ಅಂಕಿಯನ್ನು ಹಲಗೆಯ ಮೇಲೋ ನೋಟ್‌ಬುಕ್ಕಿನಲ್ಲೋ ಬರೆದಿಡಿ. 27.5, 29 ಅಂಗುಲದ ಗಾಲಿಗಳು ಈಗ ಬಂದಿವೆ. ಆದರೆ ಆ ಅಳತೆಯ ಟೈರು ಟ್ಯೂಬು ನಿಮ್ಮ ಊರಿನ ಅಂಗಡಿಯಲ್ಲೇ ಸಿಗುತ್ತವೆಯೇ, ಅಥವಾ ಮಿರಜ, ಇಚಲಕರಂಜಿಗೆ ಹೋಗಬೇಕೇ ಎಂಬುದನ್ನು ಮೊದಲು ವಿಚಾರಿಸಿ.

ಅಥಣಿಯ ಪೂರ್ವದ ಒಣನೆಲದಲ್ಲಿ ಜಾಲಿಮುಳ್ಳು ಟೈರಿನ ಶತ್ರು. ಪಂಕ್ಚರ್ ತಿದ್ದಿಸುವಾಗ ಟೈರಿನ ಒಳಮೈಯನ್ನು ಬಟ್ಟೆಯಿಂದ ಒರೆಸಿ ನೋಡಿ. ಮುರಿದುಳಿದ ಮುಳ್ಳಿನ ತುದಿ ಬಟ್ಟೆಗೆ ಸಿಕ್ಕಿ ಗೊತ್ತಾಗುತ್ತದೆ. ಅದನ್ನು ಬಿಟ್ಟರೆ ಮರುದಿನ ಮತ್ತೆ ಪಂಕ್ಚರ್. ಗಾಳಿ ಎಷ್ಟಿರಬೇಕೆಂಬುದು ಟೈರಿನ ಬದಿಯಲ್ಲೇ ಅಚ್ಚಾಗಿರುತ್ತದೆ. ಗಾಳಿ ಕಡಿಮೆಯಿದ್ದರೆ ಕಲ್ಲಿನ ಮೇಲೆ ಟ್ಯೂಬು ರಿಮ್ಮಿಗೆ ನುಗ್ಗಿ ಎರಡು ಕಡೆ ಹರಿಯುತ್ತದೆ.

ರಿಮ್ಮು ಅಲಾಯ್‌ನದಿರಲಿ. ಇಲ್ಲಿ ಮಾತ್ರ ಉಕ್ಕಿಗಿಂತ ಅದೇ ಮೇಲು. ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ಬ್ರೇಕ್ ರಬ್ಬರು ಜಾರುತ್ತದೆ, ಮಳೆಯಲ್ಲಿ ಸೈಕಲ್ಲು ನಿಲ್ಲುವ ದೂರ ಬಹಳ ಹೆಚ್ಚುತ್ತದೆ.

ರಾಡಿ ಮತ್ತು ಎಣ್ಣೆ

ನಮ್ಮ ಎರೆಮಣ್ಣಿನ ಗುಣ ರೈತರಿಗೆ ಗೊತ್ತು. ನೀರು ಕುಡಿದರೆ ಉಬ್ಬುತ್ತದೆ, ಹತ್ತಿದರೆ ಬಿಡುವುದಿಲ್ಲ, ಒಣಗಿದರೆ ಕಲ್ಲು. ಮಳೆಗಾಲದಲ್ಲಿ ಈ ರಾಡಿ ಮಡ್‌ಗಾರ್ಡಿನೊಳಗೆ ತುಂಬಿ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಆದ್ದರಿಂದ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೆರಳಗಲದ ಸಂದಾದರೂ ಇರುವ ಸೈಕಲ್ಲು ಆರಿಸಿ. ಮನೆಗೆ ಬಂದ ಕೂಡಲೇ, ರಾಡಿ ಹಸಿಯಿರುವಾಗಲೇ, ಒಂದು ಕಟ್ಟಿಗೆಯ ಚಕ್ಕೆಯಿಂದ ಕೆರೆದು ತೆಗೆಯಿರಿ. ಪಂಪಿನ ಜೋರು ನೀರನ್ನು ಹಬ್ಬಿಗೆ, ಪೆಡಲಿನ ಅಚ್ಚಿಗೆ ಹಿಡಿಯಬೇಡಿ; ಕೆಸರುನೀರು ಗುಂಡುಗಳ ತನಕ ನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ.

ಎಣ್ಣೆಯ ವಿಷಯದಲ್ಲಿ ಎರಡು ತಪ್ಪು ಸಾಮಾನ್ಯ. ಮೊದಲನೆಯದು ಅಡುಗೆಯ ಎಣ್ಣೆ. ಅದು ಗಾಳಿಗೆ ಅಂಟಾಗಿ ಧೂಳು ಹಿಡಿಯುತ್ತದೆ. ಎರಡನೆಯದು ಟ್ರ್ಯಾಕ್ಟರಿನಿಂದ ತೆಗೆದ ಕರಿ ಎಣ್ಣೆ. ಅದರಲ್ಲಿ ಲೋಹದ ಪುಡಿ ಇರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಅಥವಾ ಹೊಸ ಎಂಜಿನ್ ಆಯಿಲ್ ಸಾಕು. ಚೈನಿನ ಪ್ರತಿ ಕೊಂಡಿಗೆ ಒಂದು ಹನಿ ಬಿಟ್ಟು, ಪೆಡಲು ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷದ ಮೇಲೆ ಮೇಲಿನ ಎಣ್ಣೆಯನ್ನು ಒರೆಸಿಬಿಡಿ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ. ಹೊರಗೆ ಉಳಿದದ್ದು ಧೂಳಿನೊಡನೆ ಕೂಡಿ ಅರ ಉಜ್ಜಿದಂತೆ ಉಜ್ಜುತ್ತದೆ. ರಿಮ್ಮಿಗೂ ಬ್ರೇಕ್ ರಬ್ಬರಿಗೂ ಡಿಸ್ಕಿಗೂ ಒಂದು ಹನಿಯೂ ತಾಗಬಾರದು.

ಒಂದು ಪುಟ್ಟ ಪ್ರಯೋಗ

ವಿಜ್ಞಾನ ಓದುವ ಮಕ್ಕಳಿಗೆ ಚೈನು ಒಳ್ಳೆಯ ಪಾಠ. ಅದರ ಒಂದು ಪಿನ್ನಿನಿಂದ ಪಕ್ಕದ ಪಿನ್ನಿಗೆ ಸರಿಯಾಗಿ ಅರ್ಧ ಅಂಗುಲ. 24 ಕೊಂಡಿ ಎಣಿಸಿ ಉಕ್ಕಿನ ಅಳತೆಪಟ್ಟಿ ಹಿಡಿದರೆ ಹೊಸ ಚೈನು 12 ಅಂಗುಲ ಬರಬೇಕು. ಸವೆದ ಹಾಗೆ ಅಳತೆ ಹೆಚ್ಚುತ್ತದೆ. ಚೈನು ಜಗ್ಗಿತು ಎನ್ನುತ್ತೇವೆ, ಆದರೆ ಲೋಹ ಜಗ್ಗಿರುವುದಿಲ್ಲ. ಪಿನ್ನುಗಳು ಸವೆದು ಸಡಿಲವಾಗಿರುತ್ತವೆ. ಅಂಗುಲದ ಹದಿನಾರನೇ ಒಂದು ಭಾಗ ಹೆಚ್ಚಿದರೆ ಗೇರಿನ ಸೈಕಲ್ಲಿನ ಚೈನು ಬದಲಿಸಿ. ಒಂದೇ ಗೇರಿನದಾದರೆ ಎಂಟನೇ ಒಂದು ಭಾಗದವರೆಗೆ ತಾಳಬಹುದು. ಅದನ್ನೂ ಮೀರಿದರೆ ಫ್ರೀವೀಲಿನ, ಮುಂದಿನ ಚಕ್ರದ ಹಲ್ಲುಗಳೂ ಸವೆಯುತ್ತವೆ. ಒಂದು ಚೈನಿನ ರೊಕ್ಕ ಉಳಿಸಲು ಹೋಗಿ ಮೂರು ಭಾಗಗಳ ರೊಕ್ಕ ತೆರಬೇಕಾಗುತ್ತದೆ.

ಇನ್ನೊಂದು ಕುತೂಹಲ. ಎಡ ಪೆಡಲಿನ ಮರೆ ಉಲ್ಟಾ ಇರುತ್ತದೆ. ಬಿಗಿ ಮಾಡಲು ಎಡಕ್ಕೆ ತಿರುಗಿಸಬೇಕು. ಎರಡೂ ಒಂದೇ ಬಗೆಯಾಗಿದ್ದರೆ ತುಳಿಯುತ್ತ ತುಳಿಯುತ್ತ ಎಡಗಡೆಯದು ತಾನಾಗಿ ಬಿಚ್ಚಿಕೊಳ್ಳುತ್ತಿತ್ತು. 1903ರಲ್ಲಿ ವಿಮಾನ ಹಾರಿಸಿದ ರೈಟ್ ಸಹೋದರರು ಮೊದಲು ಸೈಕಲ್ ಅಂಗಡಿಯವರು. ಹೀಗೆ ಬಿಚ್ಚದ ಪೆಡಲನ್ನು ಅವರು ತಮ್ಮ ಸೈಕಲ್ಲುಗಳಿಗೆ ಹಾಕುತ್ತಿದ್ದರು. ಅವರ ವಿಮಾನದ ಪಂಖಗಳನ್ನು ತಿರುಗಿಸಿದ್ದೂ ಚೈನೇ.

ಹೊಸ ಸೈಕಲ್ಲಿಗೆ ಒಂದು ತಿಂಗಳಾದ ಮೇಲೆ ಪಾನಾ ಹಿಡಿದು ಎಲ್ಲ ನಟ್ಟುಗಳನ್ನು ಬಿಗಿ ಮಾಡಿಸುವುದು ಕಡ್ಡಾಯ. ಕಡ್ಡಿಗಳು ಹೊಂದಿಕೊಂಡು ಸಡಿಲವಾಗಿರುತ್ತವೆ, ಕಾಟರ್ ಪಿನ್ನು ಅಲುಗಾಡುತ್ತಿರುತ್ತದೆ. ಅಲುಗುವ ಪಿನ್ನಿನ ಮೇಲೆ ತುಳಿದರೆ ಅಚ್ಚಿನ ತೂತೇ ಹಾಳಾಗುತ್ತದೆ. ಕಡ್ಡಿಗಳನ್ನು ಬೆರಳಿನಿಂದ ಮೀಟಿ ನೋಡಿ. ಉಳಿದವಕ್ಕಿಂತ ಮಂದವಾಗಿ ದನಿ ಕೊಟ್ಟದ್ದು ಸಡಿಲ.

ಹೊಳೆ ಬಂದು ಹೋದ ಮೇಲೆ

2019ರ ಆಗಸ್ಟಿನಲ್ಲಿ, ಮತ್ತೆ 2021ರ ಜುಲೈಯಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಊರೊಳಗೆ ಬಂದದ್ದು ನಮ್ಮ ದಂಡೆಯ ಹಳ್ಳಿಗಳಿಗೆ ನೆನಪಿದೆ. ಕಲ್ಲೋಳ–ಯಡೂರ, ಕಾರದಗಾ–ಭೋಜದಂಥ ತಗ್ಗಿನ ಸೇತುವೆಗಳಂತೂ ಜೋರು ಮಳೆಗಾಲದಲ್ಲಿ ಮುಳುಗುತ್ತವೆ. ಮಕ್ಕಳ ಹಾದಿ ಸುತ್ತಾಗುತ್ತದೆ. ನೀರಿನಲ್ಲಿ ನಿಂತ ಸೈಕಲ್ಲಿಗೆ ಮೇಲೆ ಎಣ್ಣೆ ಬಿಟ್ಟರೆ ಸಾಲದು. ಸೀಟಿನ ಕಂಬ ತೆಗೆದು, ಸೈಕಲ್ಲು ತಲೆಕೆಳಗು ಮಾಡಿ, ಕೊಳವೆಯಲ್ಲಿ ನಿಂತ ನೀರು ಬಸಿಯಿರಿ. ಎರಡೂ ಹಬ್ಬು, ಪೆಡಲಿನ ನಡುವಿನ ಅಚ್ಚು, ಹ್ಯಾಂಡಲ್ಲಿನ ಬುಡ ಬಿಚ್ಚಿಸಿ, ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸು ತುಂಬಿಸಿ. ಬಿಚ್ಚುವಾಗ ಒಂದೊಂದು ಬದಿಯ ಗುಂಡು ಎಷ್ಟಿದ್ದವೆಂದು ಎಣಿಸಿಕೊಳ್ಳಿ. ಚುಕ್ಕಿ ಬಿದ್ದ ಗುಂಡನ್ನು ಎಸೆಯಿರಿ. ಅದು ಕೋನನ್ನೂ ಕೆಡಿಸುತ್ತದೆ. ವಾರ ತಡವಾದರೂ ಒಳಗೆ ತುಕ್ಕು ಕೂರುತ್ತದೆ.

ಕಬ್ಬಿನ ಹಂಗಾಮು

ಮಳೆ ನಿಂತ ಮೇಲೆ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡುತ್ತವೆ. ಜೋಡಿ ಟ್ರೇಲರು ಕಟ್ಟಿದ, ಎರಡೂ ಬದಿಗೆ ಕಬ್ಬು ಚಾಚಿದ ಟ್ರ್ಯಾಕ್ಟರುಗಳು ರಸ್ತೆ ತುಂಬುತ್ತವೆ. ಚಳಿಗಾಲದ ಸಂಜೆ ಬೇಗ ಕತ್ತಲು. ಇಲ್ಲಿ ಸೈಕಲ್ಲಿನ ಭಾಗ ಬಾಳುವುದಷ್ಟೇ ಅಲ್ಲ, ಮಗು ಬಾಳುವ ಪ್ರಶ್ನೆಯೂ ಇದೆ. ಬ್ರೇಕ್ ರಬ್ಬರಿನ ಗೀರುಗಳು ಮಾಯವಾಗಿದ್ದರೆ ಅಂದೇ ಬದಲಿಸಿ. ಬ್ರೇಕಿನ ತಂತಿಯ ಒಂದು ಎಳೆ ಕಿತ್ತಿದ್ದರೂ ಇಡೀ ತಂತಿ ಬದಲಿಸಿ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಮುಂದಿನ ಬ್ರೇಕಿನದು, ಆದರೆ ಎರಡನ್ನೂ ಕೂಡಿಸಿ ಹಿಡಿಯುವುದನ್ನು ಮಕ್ಕಳಿಗೆ ಕಲಿಸಿ. ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲಕ ಇರಲಿ, ಕಡ್ಡಿಗಳಿಗೂ ಪೆಡಲಿಗೂ ಇರಲಿ. ಹೊಳೆಯುವ ಸ್ಟಿಕ್ಕರಿಗೆ ಖರ್ಚು ಅತ್ಯಲ್ಪ.

ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಚರ್ಮದ ಚಪ್ಪಲಿಗೆ ಕೊಲ್ಹಾಪುರಿ ಹೆಸರಿನಲ್ಲಿ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಅದರ ಅಟ್ಟೆ ಸವೆದರೆ ಹೊಸ ಅಟ್ಟೆ ಹಾಕಿಸಿ ಮತ್ತೆ ಮೆಟ್ಟುತ್ತೇವೆ. ಸೈಕಲ್ಲನ್ನೂ ಅದೇ ಲೆಕ್ಕದಲ್ಲಿ ಕೊಳ್ಳಬೇಕು: ಯಾವ ಭಾಗ ಸವೆದರೂ ನಮ್ಮ ಪೇಟೆಯಲ್ಲೇ ಸಿಗಬೇಕು, ನಮ್ಮ ಮೇಸ್ತ್ರಿಯೇ ಹಾಕಬೇಕು.

ಉಳಿದದ್ದು ಭಾನುವಾರದ ಕಾಲು ಗಂಟೆ. ಗಾಳಿ, ಬ್ರೇಕು, ಚೈನು, ನಟ್ಟು ನೋಡುವ ಕೆಲಸವನ್ನು ಅಪ್ಪ ಮಾಡಿಕೊಡುವುದು ಬೇಡ; ಸೈಕಲ್ಲು ತುಳಿಯುವ ಮಗನೋ ಮಗಳೋ ಮಾಡಲಿ. ಮೊದಲ ಎರಡು ವಾರ ಜೊತೆಗೆ ಕೂತು ತೋರಿಸಿದರೆ ಸಾಕು. ಪಾನಾ ಹಿಡಿಯಲು ಕಲಿತ ಹುಡುಗಿ ಹಾದಿಯ ನಡುವೆ ಚೈನು ಜಾರಿದಾಗ ಯಾರಿಗಾಗಿಯೂ ಕಾಯುವುದಿಲ್ಲ, ತಾನೇ ಏರಿಸಿಕೊಂಡು ಹೊತ್ತಿಗೆ ಸರಿಯಾಗಿ ಶಾಲೆ ಸೇರುತ್ತಾಳೆ.