ಹಾದಿ ಹಳ್ಳವಾಗುವ ಹೊತ್ತು

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತಕ್ಕೆ ಹೊರಟವರಿಗೆ ಮೊದಲು ಎದುರಾಗುವುದು ದಟ್ಟ ಕಾಡಿನ ಕಡಿದಾದ ಏರು. ಮರದ ಬೇರುಗಳನ್ನೇ ಮೆಟ್ಟಿಲಾಗಿಸಿಕೊಂಡು ಗಿರಿಗದ್ದೆ ದಾಟಿದರೆ ಮರಗಳೆಲ್ಲ ಕಣಿವೆಗಳಿಗೆ ಸರಿದು, ಹುಲ್ಲುಗಾವಲು ತೆರೆದುಕೊಳ್ಳುತ್ತದೆ. 1712 ಮೀಟರ್ ಎತ್ತರದ ತುದಿಗೆ ಮುನ್ನ ಮತ್ತೆ ಒಂದು ತುಂಡು ಶೋಲಾ ಕಾಡು.

ಹುಲ್ಲು ಕಂಡ ಕೂಡಲೇ ಇದು ಬೋಳುಗುಡ್ಡ, ಎಲ್ಲಿ ನಡೆದರೇನು ಎಂಬ ಉದಾಸೀನ ಚಾರಣಿಗರಲ್ಲಿ ಹುಟ್ಟುತ್ತದೆ. ಆದರೆ ಮುಂಗಾರಿನ ನೀರನ್ನು ಹೀರಿಟ್ಟುಕೊಂಡು ತಗ್ಗಿನ ಶೋಲಾಗಳಿಗೆ ಬಸಿದುಕೊಡುವುದು ಈ ಹುಲ್ಲೇ. ಈ ಬೆಟ್ಟಗಳಲ್ಲಿ ಹುಟ್ಟಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವ ಕುಮಾರಧಾರೆಯ ಬೇಸಿಗೆಯ ಹರಿವಿಗೂ ಇದರ ಋಣವುಂಟು. ಪುಷ್ಪಗಿರಿ ವನ್ಯಧಾಮವನ್ನು 2012ರಲ್ಲಿ ಪಶ್ಚಿಮ ಘಟ್ಟದ ಇತರ ತಾಣಗಳೊಂದಿಗೆ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಸುಮ್ಮನೆ ಅಲ್ಲ.

ಒಬ್ಬರು ತುಳಿದ ಹುಲ್ಲು ಬಾಗಿ ಏಳುತ್ತದೆ. ನೂರಾರು ಮಂದಿ ತುಳಿದರೆ ಸಾಯುತ್ತದೆ. ಮಣ್ಣು ಗಟ್ಟಿಯಾಗಿ ನೀರು ಇಂಗದು. ಹಾದಿ ನೆಟ್ಟಗೆ ಇಳಿಜಾರಿನಲ್ಲಿದ್ದರಂತೂ ಆಷಾಢದಲ್ಲಿ ಅದೇ ಹಳ್ಳ! ಮಣ್ಣು ಕೊಚ್ಚಿ ಕಲ್ಲೆದ್ದ ಕೊರಕಲಿನಲ್ಲಿ ಕಾಲೂರಲಾರದವರು ಪಕ್ಕದ ಹುಲ್ಲಿಗಿಳಿಯುತ್ತಾರೆ. ಒಂದು ಹಾದಿ ಎರಡಾಗಿ, ಎರಡು ಮೂರಾಗುತ್ತದೆ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಜಾತ್ರೆಯಂತೆ ಜನ ಸೇರಿದ ಚಿತ್ರಗಳು ನಾಡೆಲ್ಲ ಹರಿದಾಡಿದವು. ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ಅರಣ್ಯ ಸಚಿವ ಈಶ್ವರ ಖಂಡ್ರೆ ತಾತ್ಕಾಲಿಕವಾಗಿ ನಿಲ್ಲಿಸಿದರು. ಬಳಿಕ ಮುಂಗಡ ಬುಕಿಂಗ್ ಬಂತು, ದಿನಕ್ಕಿಷ್ಟೇ ಮಂದಿ ಎಂಬ ಮಿತಿಯೂ ಬಂತು. ಬೇಕಾದದ್ದೇ. ಆದರೆ ನಡೆಯುವವರನ್ನು ಎಣಿಸಬಹುದು, ಮಳೆನೀರಿಗೆ ಟಿಕೆಟ್ ಹರಿಯುವುದು ಯಾರು?

ಮಲೆನಾಡಿನ ಅಡಿಕೆ ಬೆಳೆಗಾರರನ್ನು ಕೇಳಿದರೆ ಉತ್ತರ ಸಿಗುತ್ತದೆ. ಮಳೆಗೆ ಮುನ್ನ ಬಸಿಗಾಲುವೆ ಬಿಡಿಸದ ತೋಟ ಉಳಿಯುವುದುಂಟೇ? ಚಾರಣದ ಹಾದಿಗೂ ಅದೇ ಆರೈಕೆ ಬೇಕು. ಹಾದಿಗೆ ಓರೆಯಾಗಿ ಅಲ್ಲಲ್ಲಿ ಕಲ್ಲಿನ ಸಾಲು ಹೂತರೆ ನೀರು ಓಟ ಹಿಡಿಯುವ ಮೊದಲೇ ಪಕ್ಕದ ಹುಲ್ಲಿಗೆ ತಿರುಗುತ್ತದೆ. ನೆಟ್ಟಗಿನ ಏರನ್ನು ಬಿಟ್ಟು, ಹಿಂದಿನವರು ಹೇರೆತ್ತುಗಳನ್ನು ಘಟ್ಟ ಹತ್ತಿಸುತ್ತಿದ್ದಂತೆ ಬಳಸಿ ಬಳಸಿ ಸಾಗುವ ದಾರಿ ಮಾಡಬೇಕು. ತೀರಾ ಕಡಿದಾದಲ್ಲಿ ಒಣಗಲ್ಲಿನ ಮೆಟ್ಟಿಲು ಸಾಕು; ಸಿಮೆಂಟು ಬೇಡವೇ ಬೇಡ. ಅದರ ಮೇಲೆ ನೀರು ಇನ್ನಷ್ಟು ರಭಸದಿಂದ ಜಾರಿ, ಮೆಟ್ಟಿಲು ಮುಗಿದಲ್ಲಿ ಗುಂಡಿ ತೋಡುತ್ತದೆ.

ಇಷ್ಟಾದರೂ ಅಡ್ಡದಾರಿಗಳ ಕಾಟ ತಪ್ಪದು. ಅವುಗಳ ಬಾಯಿಗೆ ಒಣಗಿದ ಕೊಂಬೆ ಎಳೆದು ಮುಚ್ಚಿದರೂ, ಮೇಲ್ಮಣ್ಣು ಕಳೆದುಕೊಂಡ ಜಾಗಕ್ಕೆ ಹುಲ್ಲು ಮರಳಲು ಹಲವು ಮಳೆಗಾಲ ಹಿಡಿಯುತ್ತದೆ. ಅಷ್ಟು ಕಾಲ ಅಲ್ಲಿ ಯಾರೂ ಕಾಲಿಡದಂತೆ ಕಾಯಬೇಕು. ಬುಕಿಂಗ್ ಹಣದಲ್ಲಿ ಒಂದು ಪಾಲು ಈ ಕಾವಲಿಗೂ ಕಲ್ಲು ಹೊರುವ ಊರಿನವರ ಕೂಲಿಗೂ ಸಲ್ಲಬೇಕು, ಅದೂ ಮುಂಗಾರಿನ ಮೊದಲ ಮಳೆ ಬೀಳುವ ಮುನ್ನ.