ನಿಮಗಿದು ಗೊತ್ತೇ? ಗೆಲ್ಲಿಸುವವರು, ಕಾಣದವರು

ಉತ್ತರ ಅಮೆರಿಕದ ಎನ್‌ಎಚ್‌ಎಲ್ ಲೀಗಿನ ಐಸ್ ಹಾಕಿ ಪಂದ್ಯಕ್ಕೆ ಒಂದು ತಂಡ ಕಣಕ್ಕಿಳಿಸುವುದು 20 ಆಟಗಾರರನ್ನು. 18 ಮಂದಿ ಓಡಾಡುವವರು, ಇಬ್ಬರು ಗೋಲ್‌ಕೀಪರ್‌ಗಳು. ಅವರ ಹಿಂದೆ ಕೋಚುಗಳು, ವೈದ್ಯರು, ಟ್ರೈನರುಗಳು, ವಿಡಿಯೋ ನೋಡಿ ಲೆಕ್ಕ ಹಾಕುವವರು, ಸಾಮಾನು ನೋಡಿಕೊಳ್ಳುವವರು, ಮಂಜುಗಡ್ಡೆ ಕಾಯುವವರು ಇರುತ್ತಾರೆ. ಟಿವಿಯಲ್ಲಿ ಇವರ ಮುಖ ಕಾಣುವುದು ಏನಾದರೂ ಎಡವಟ್ಟಾದಾಗ ಮಾತ್ರ.

ಸ್ಕೇಟಿನ ಅಲಗಿಗೆ ಸಾಣೆ ಹಿಡಿಯುವುದೇ ಒಬ್ಬನ ಉದ್ಯೋಗ. ಆಟಗಾರನ ತೂಕ, ಓಡುವ ರೀತಿ, ಆ ದಿನದ ಮಂಜುಗಡ್ಡೆಯ ಗಡಸುತನ ನೋಡಿ ಅಲಗಿನ ನಡುವಿನ ತಗ್ಗು ಎಷ್ಟಿರಬೇಕೆಂದು ತೀರ್ಮಾನವಾಗುತ್ತದೆ. ತಗ್ಗು ಹೆಚ್ಚಾದರೆ ಹಿಡಿತ ಜಾಸ್ತಿ, ಜಾರುವ ವೇಗ ಕಡಿಮೆ.

ಪಂದ್ಯಕ್ಕೆ ಮೊದಲು ಚೆಂಡನ್ನು, ಅಂದರೆ ಪಕ್ ಎಂಬ ರಬ್ಬರ್ ಬಿಲ್ಲೆಯನ್ನು, ಫ್ರಿಜ್ಜಿನಲ್ಲಿಟ್ಟು ಗಟ್ಟಿ ಮಾಡುತ್ತಾರೆ. ಬೆಚ್ಚಗಿದ್ದರೆ ಅದು ಪುಟಿಯುತ್ತದೆ. ಇದಕ್ಕೂ ಒಬ್ಬರು ಇರುತ್ತಾರೆ!

61 ಮೀಟರ್ ಉದ್ದ, 26 ಮೀಟರ್ ಅಗಲದ ಆ ಅಂಗಳದ ಮಂಜುಗಡ್ಡೆ ದಪ್ಪದಲ್ಲಿ ಒಂದು ಅಂಗುಲ ಮಾತ್ರ. ಕೆಳಗೆ ಕೊಳವೆಗಳಲ್ಲಿ ತಣ್ಣನೆಯ ಉಪ್ಪುನೀರೋ ಗ್ಲೈಕಾಲೋ ಹರಿಯುತ್ತಿರುತ್ತದೆ. ಗೀರುಬಿದ್ದ ಮೇಲ್ಮೈಯನ್ನು ಹೆರೆದು ಅದರ ಮೇಲೆ ಬಿಸಿನೀರು ಹರಡುವ ಗಾಡಿಯನ್ನು ಫ್ರಾಂಕ್ ಝಾಂಬೋನಿ 1949ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ. ಹೌದು, ಬಿಸಿನೀರೇ. ಅದು ಗೀರುಗಳನ್ನು ಕರಗಿಸಿಕೊಂಡು ಹೆಪ್ಪುಗಟ್ಟುತ್ತದೆ, ಮೇಲ್ಮೈ ನುಣುಪಾಗುತ್ತದೆ.

ಆ ಗಾಡಿ ಓಡಿಸುತ್ತಿದ್ದ ಒಬ್ಬ ಎನ್‌ಎಚ್‌ಎಲ್ ಪಂದ್ಯವನ್ನೇ ಗೆದ್ದುಕೊಟ್ಟಿದ್ದಾನೆ. 2020ರ ಫೆಬ್ರುವರಿ 22, ಟೊರಾಂಟೊ. ಕ್ಯಾರೊಲಿನಾ ಹರಿಕೇನ್ಸ್‌ನ ಇಬ್ಬರೂ ಗೋಲ್‌ಕೀಪರ್‌ಗಳು ಗಾಯಗೊಂಡರು. ಅಂಥ ಹೊತ್ತಿಗೆಂದೇ ಕ್ರೀಡಾಂಗಣದಲ್ಲಿ ಕೂರಿಸುವ ತುರ್ತು ಕೀಪರ್ ಅಂದು 42ರ ಡೇವಿಡ್ ಏರ್ಸ್. ಹೊಟ್ಟೆಪಾಡಿಗೆ ಊರಿನ ಇನ್ನೊಂದು ಅಂಗಳದ ಉಸ್ತುವಾರಿ, ತಾಯಿ ಕೊಟ್ಟ ಮೂತ್ರಪಿಂಡದಿಂದ ಬದುಕಿದವ. ಮೊದಲ ಎರಡು ಹೊಡೆತಗಳೂ ಗೋಲಾದವು. ಆಮೇಲಿನ ಎಂಟನ್ನೂ ತಡೆದ. ಹರಿಕೇನ್ಸ್ 6–3ರಿಂದ ಗೆದ್ದರು.

ಕೋಚೇ ಗೋಲಿಗೆ ನಿಂತದ್ದೂ ಉಂಟು. 1928ರಲ್ಲಿ ಎನ್‌ಎಚ್‌ಎಲ್ ಪ್ರಶಸ್ತಿಯಾದ ಸ್ಟಾನ್ಲಿ ಕಪ್‌ನ ಫೈನಲ್ಲಿನ ಎರಡನೇ ಪಂದ್ಯದಲ್ಲಿ ನ್ಯೂಯಾರ್ಕ್ ರೇಂಜರ್ಸ್ ಕೀಪರ್ ಕಣ್ಣಿಗೆ ಪೆಟ್ಟು ತಿಂದಾಗ, 44ರ ಲೆಸ್ಟರ್ ಪ್ಯಾಟ್ರಿಕ್ ಪ್ಯಾಡ್ ಕಟ್ಟಿ ಇಳಿದರು. ರೇಂಜರ್ಸ್ ಆ ಪಂದ್ಯ ಗೆದ್ದರು, ಕಪ್ಪನ್ನೂ ಗೆದ್ದರು.

ಇದಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1989ರ ಮಾರ್ಚ್ 22ರ ಘಟನೆ. ಬಫಲೋ ಕೀಪರ್ ಕ್ಲಿಂಟ್ ಮಲಾರ್ಚುಕ್ ಕತ್ತಿನ ರಕ್ತನಾಳವನ್ನು ಸ್ಕೇಟಿನ ಅಲಗು ಸೀಳಿತು. ತಂಡದ ಟ್ರೈನರ್ ಜಿಮ್ ಪಿಜ್ಜುಟೆಲ್ಲಿ ಓಡಿಬಂದು ಕೈಯಿಂದಲೇ ನಾಳವನ್ನು ಒತ್ತಿಹಿಡಿದ. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರಿಗೆ ಶುಶ್ರೂಷೆ ಮಾಡಿ ಪಳಗಿದ ಕೈ ಅದು. ಮಲಾರ್ಚುಕ್ ಬದುಕಿದ. ಎರಡು ವಾರ ತುಂಬುವ ಮೊದಲೇ ಮತ್ತೆ ಗೋಲಿನ ಮುಂದೆ ನಿಂತ.

ಒಮ್ಮೆ ಮಾತ್ರ ಉಪಕಾರ ಉಲ್ಟಾ ಆಯಿತು. 2021ರ ಅಕ್ಟೋಬರಿನಲ್ಲಿ ಸಿಯಾಟಲ್‌ನ ಪ್ರೇಕ್ಷಕಿಯೊಬ್ಬಳು ವ್ಯಾಂಕೂವರ್ ತಂಡದ ಸಾಮಾನು ಸಹಾಯಕ ಬ್ರಯಾನ್ ಹ್ಯಾಮಿಲ್ಟನ್ ಕತ್ತಿನ ಮಚ್ಚೆ ಕಂಡು ಅನುಮಾನಪಟ್ಟಳು. ಫೋನಿನ ಪರದೆ ಮೇಲೆ ಬರೆದು ಗಾಜಿಗೆ ಹಿಡಿದು ಎಚ್ಚರಿಸಿದಳು. ಪರೀಕ್ಷೆ ಮಾಡಿಸಿದರೆ ಕ್ಯಾನ್ಸರ್! ಸಕಾಲಕ್ಕೆ ತೆಗೆದುಹಾಕಿದರು. ಆಟ ನೋಡಲು ಬಂದವಳು ಆಟಗಾರರನ್ನು ಬಿಟ್ಟು ಬೆಂಚಿನ ಹಿಂದೆ ನಿಂತವನನ್ನು ನೋಡಿದ್ದೇ ಅವನ ಪುಣ್ಯ.

ಸರಿ, ಇದೆಲ್ಲಕ್ಕೂ ನಮ್ಮ ಕೋಲಾರದ ಚಿನ್ನದ ಗಣಿಗೂ ಏನು ನಂಟು? ತಂಪು ಮಾಡುವ ಯಂತ್ರದ ನಂಟು! ಆ ಗಣಿಗಳಲ್ಲಿ ಮೂರು ಕಿಲೋಮೀಟರ್ ಆಳದ ಬಂಡೆಯ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಕೆಳಗಿನವರಿಗೆ ಗಾಳಿ ತಣಿಸಿ ಕಳಿಸಲು ಮೇಲೆ ಶೈತ್ಯಯಂತ್ರಗಳನ್ನು ಕೂರಿಸಿದ್ದರು. ಅಲ್ಲಿ ಆಟಕ್ಕೆ ಮಂಜುಗಡ್ಡೆ, ಇಲ್ಲಿ ದುಡಿಮೆಗೆ ತಂಪುಗಾಳಿ; ಎರಡೂ ಕಡೆ ಯಂತ್ರದ ಪಕ್ಕ ನಿಂತವನ ಹೆಸರು ಯಾರಿಗೂ ಗೊತ್ತಿಲ್ಲ.

ಗಣಿಯ ವೈಂಡರ್ ಡ್ರೈವರ್ ಕಥೆ ಇನ್ನೂ ವಿಚಿತ್ರ. ಕೇಜೆಂಬ ಲಿಫ್ಟಿನಲ್ಲಿ ನಿಂತವರನ್ನು ಪಾತಾಳಕ್ಕೆ ಇಳಿಸುತ್ತಿದ್ದವನು ಅವನೇ. ಆದರೆ ಇಳಿಯುವವರ ಮುಖ ಅವನಿಗೆ ಕಾಣುತ್ತಿರಲಿಲ್ಲ. ಗಂಟೆಯ ಸಂಕೇತ ಕೇಳಬೇಕು, ಆಳ ತೋರಿಸುವ ಮುಳ್ಳು ನೋಡಬೇಕು, ಬ್ರೇಕು ಹಿಡಿಯಬೇಕು. ಶಾಫ್ಟಿನ, ಅಂದರೆ ಗಣಿಬಾವಿಯ, ಬಾಯಲ್ಲಿ ಗಂಟೆ ಬಾರಿಸುವ ಬ್ಯಾಂಕ್ಸ್‌ಮನ್, ಕೆಳಗೆ ಮರದ ಆಧಾರ ಕೊಡುವ ಟಿಂಬರ್‌ಮನ್ ಇಲ್ಲದೆ ಒಂದು ಗ್ರಾಂ ಚಿನ್ನವೂ ಮೇಲೆ ಬರುತ್ತಿರಲಿಲ್ಲ. ಬೇತಮಂಗಲದ ಕೆರೆಯ ನೀರು, 1902ರಿಂದ ಶಿವನಸಮುದ್ರದ ವಿದ್ಯುತ್ತು, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಓಡುವ ರೈಲು, ಎಲ್ಲವೂ ಆ ತಂಡದ ಸಹಾಯಕ ಸಿಬ್ಬಂದಿಯೇ ಎನ್ನಿ.

1965ರಲ್ಲಿ ಇದೇ ಕೋಲಾರದ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನಲ್ಲಿ, ಸುಮಾರು 2.3 ಕಿಲೋಮೀಟರ್ ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಸುಳಿವು ಸಿಕ್ಕಿತು. ಅದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳ ಸಾಧನೆ. ಆದರೆ ಅವರೂ ಅವರ ಉಪಕರಣಗಳೂ ಇಳಿದದ್ದು ಗಣಿಯ ಕೇಜಿನಲ್ಲೇ, ಅದೇ ವೈಂಡರ್ ಡ್ರೈವರನ ಕೈಯಲ್ಲಿ.

ಈಗ ಕ್ರಿಕೆಟ್ಟಿಗೆ ಬನ್ನಿ. ಕುಮಟಾದ ರಾಘವೇಂದ್ರ ಆಟಗಾರನಾಗಲು ಹೊರಟವರು, ಕೈಗೆ ಪೆಟ್ಟಾಗಿ ಅದು ಕೈಗೂಡಲಿಲ್ಲ. ಅದೇ ಮನುಷ್ಯ ಭಾರತ ತಂಡದ ನೆಟ್ಸ್‌ನಲ್ಲಿ ಸೈಡ್‌ಆರ್ಮ್ ಎಂಬ ಚಮಚದಂಥ ಸಾಧನದಿಂದ ಗಂಟೆಗೆ 150 ಕಿಲೋಮೀಟರ್ ಮೀರಿದ ವೇಗದಲ್ಲಿ ಚೆಂಡೆಸೆಯುತ್ತಾರೆ. ತಂಡದ ಬ್ಯಾಟಿಂಗ್ ವೇಗದ ಬೌಲಿಂಗಿನ ಎದುರು ಸುಧಾರಿಸಿದ್ದರಲ್ಲಿ ಅವರ ಪಾಲು ದೊಡ್ಡದೆಂದು ವಿರಾಟ್ ಕೊಹ್ಲಿಯೇ ಹೇಳಿದ್ದಾರೆ. 2022ರ ಟಿ20 ವಿಶ್ವಕಪ್ಪಿನಲ್ಲಿ ಅಡಿಲೇಡಿನ ಬಾಂಗ್ಲಾದೇಶ ಪಂದ್ಯದ ನಡುವೆ ಮಳೆ ಬಂತು. ಆಮೇಲೆ ಒದ್ದೆ ಅಂಗಳದ ಸುತ್ತ ಬ್ರಷ್ ಹಿಡಿದು ಓಡಾಡಿ ಫೀಲ್ಡರುಗಳ ಶೂ ತಳಕ್ಕೆ ಮೆತ್ತಿದ ಕೆಸರು ತೆಗೆದವರೂ ಇವರೇ. ಭಾರತ ಗೆದ್ದದ್ದು 5 ರನ್ನುಗಳಿಂದ. ಜಾರಿಬಿದ್ದಿದ್ದರೆ?

ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ನೆಲದಡಿಯಿಂದ ನೀರು ಹೀರುವ ಸಬ್‌ಏರ್ ವ್ಯವಸ್ಥೆ 2017ರಲ್ಲಿ ಬಂತು; ನಿಮಿಷಕ್ಕೆ 10,000 ಲೀಟರು ಹೀರಬಲ್ಲದು. ಅದಕ್ಕೂ ಮೊದಲಿನ ಕಾಲದಲ್ಲಿ ಪಿಚ್ಚಿನ ಮಣ್ಣು ಓದಬಲ್ಲವರೆಂದು ಹೆಸರಾಗಿದ್ದವರು ಮೈಸೂರು ರಣಜಿ ತಂಡದ ಮಾಜಿ ನಾಯಕ ಜಿ. ಕಸ್ತೂರಿರಂಗನ್. ಆಟ ಬಿಟ್ಟ ಮೇಲೆ ಕ್ಯುರೇಟರ್ ಆದರು. ನಾಯಕನಾಗಿದ್ದವನು ಹುಲ್ಲು ಕತ್ತರಿಸಲು ಬಗ್ಗುವುದು ನಮ್ಮಲ್ಲಿ ಅಪರೂಪ.

ಭಾರತ ಮಹಿಳಾ ಕ್ರಿಕೆಟ್ ತಂಡದ ಮಾಜಿ ನಾಯಕಿ, ಬೆಂಗಳೂರಿನ ಮಮತಾ ಮಾಬೆನ್ ಬಾಂಗ್ಲಾದೇಶಕ್ಕೂ ಚೀನಾಕ್ಕೂ ಕೋಚ್ ಆಗಿದ್ದರು. ಚೀನಾಕ್ಕೆ ಕ್ರಿಕೆಟ್ ಕಲಿಸಲು ಕನ್ನಡನಾಡಿನಿಂದ!

ಕೊನೆಗೆ ಮತ್ತೆ ಐಸ್ ಹಾಕಿಗೆ. ಗೆದ್ದ ತಂಡದವರ ಹೆಸರುಗಳನ್ನು ಸ್ಟಾನ್ಲಿ ಕಪ್ಪಿನ ಬೆಳ್ಳಿಯ ಮೇಲೆ ಕೆತ್ತುತ್ತಾರೆ. ಅದರಲ್ಲಿ ಸಾಮಾನು ನೋಡಿಕೊಳ್ಳುವವನಿಗೂ ಟ್ರೈನರಿಗೂ ಜಾಗ ಸಿಗುತ್ತದೆ. ಗಣಿಯವರಿಗೆ ಅಂಥ ಕಪ್ಪಿಲ್ಲ. ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಕಡೆಯ ಓದುಗರೇ, ನಿಮ್ಮ ಮನೆಯಲ್ಲಿ ವೈಂಡರ್ ಡ್ರೈವರೋ ಬ್ಯಾಂಕ್ಸ್‌ಮನ್ನೋ ಆಗಿದ್ದ ಹಿರಿಯರಿದ್ದರೆ, ಅವರು ಯಾವ ಶಾಫ್ಟಿನಲ್ಲಿ, ಯಾವ ವರ್ಷ ಕೆಲಸ ಮಾಡಿದರೆಂದು ಕೇಳಿ ಬರೆದಿಡಿ. ಗಣಿ ಮುಚ್ಚಿದ್ದು 2001ರ ಫೆಬ್ರುವರಿ 28ರಂದು. ಕೇಳುವ ಹೊತ್ತು ಬಹಳ ಉಳಿದಿಲ್ಲ.